ಅಮೆರಿಕದ ಹದಿಮೂರು ವಸಾಹತುಗಳು ಬ್ರಿಟನ್ನಿನಿಂದ ಬಿಡಿಸಿಕೊಂಡದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದ ಕೂಡಲೇ ಮೂರು ಚಿತ್ರ ಕಣ್ಣ ಮುಂದೆ ಬರುತ್ತವೆ. ಬಾಸ್ಟನ್ ಬಂದರಿನಲ್ಲಿ ನೀರಿಗೆ ಬಿದ್ದ ಚಹಾ, ಜುಲೈ 4, ಕುದುರೆ ಮೇಲೆ ಕೂತ ಜಾರ್ಜ್ ವಾಷಿಂಗ್ಟನ್. ಈ ಮೂರರ ಹಿಂದೆ ಮುಂದೆ ಇಪ್ಪತ್ತು ವರ್ಷಗಳ ಜಗಳ ಇದೆ. ಅದರಲ್ಲಿ ಎಂಟು ವರ್ಷ ಯುದ್ಧವೇ. ಈ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಒಂದು ಪುಟವೂ ಸಾಲದು.

ಆ ಹದಿಮೂರು ವಸಾಹತುಗಳು ಯಾವುವು?

ಉತ್ತರದಿಂದ ಹೇಳುತ್ತಾ ಬಂದರೆ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್, ನ್ಯೂಯಾರ್ಕ್, ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್, ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕ್ಯಾರೊಲಿನಾ, ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ. 1775ರಲ್ಲಿ ಎಲ್ಲ ಸೇರಿ ಸುಮಾರು 25 ಲಕ್ಷ ಜನ. ಅವರಲ್ಲಿ ಸುಮಾರು 5 ಲಕ್ಷ ಜನ ಗುಲಾಮರು. ಈ ಎರಡನೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಕೊನೆಯ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಅಲ್ಲಿನ ಜನ ಮೊದಲಿನಿಂದಲೂ ಬ್ರಿಟನ್ನಿನ ವಿರೋಧಿಗಳಾ?

ಖಂಡಿತ ಅಲ್ಲ. 1763ರಲ್ಲಿ ಅವರಷ್ಟು ಹೆಮ್ಮೆಯ ರಾಜಭಕ್ತರು ಇನ್ನೊಬ್ಬರಿರಲಿಲ್ಲ. ಆ ವರ್ಷ ಬ್ರಿಟನ್ ಫ್ರಾನ್ಸನ್ನು ಸೋಲಿಸಿ ಕೆನಡಾವನ್ನು ಕಿತ್ತುಕೊಂಡಿತ್ತು. ಆ ಯುದ್ಧದಲ್ಲಿ ವಸಾಹತಿನ ಗಂಡಸರೂ ರಾಜನ ಪರ ಹೋರಾಡಿದ್ದರು. ಅವರಲ್ಲಿ ವಾಷಿಂಗ್ಟನ್ ಒಬ್ಬ.

ಇನ್ನೊಂದು ಮಾತು. ಈ ವಸಾಹತುಗಳಿಗೆ ತಮ್ಮನ್ನು ತಾವೇ ಆಳಿಕೊಂಡು ಅಭ್ಯಾಸ ಇತ್ತು. ಪ್ರತಿಯೊಂದಕ್ಕೂ ಜನ ಆರಿಸಿದ ಒಂದು ಸಭೆ ಇತ್ತು. ತೆರಿಗೆ ಎಷ್ಟು ಅಂತ ಆ ಸಭೆಯೇ ತೀರ್ಮಾನಿಸುತ್ತಿತ್ತು. ಓಟು ಇದ್ದದ್ದು ಆಸ್ತಿ ಇರುವ ಗಂಡಸರಿಗೆ ಮಾತ್ರ, ನಿಜ. ಆದರೂ ಹಳೆಯ ವಸಾಹತುಗಳಲ್ಲಿ ನೂರು ವರ್ಷಕ್ಕೂ ಮೀರಿ ಹೀಗೆ ನಡೆದು ಬಂದ ಮೇಲೆ ಅದು ನಮ್ಮ ಹಕ್ಕು ಅಂತ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮುಂದಿನ ಕಥೆಯ ಬೇರು ಇಲ್ಲೇ ಇದೆ ಅಂತ ನಾನು ನಂಬುತ್ತೇನೆ.

ಹಾಗಾದರೆ ಜಗಳ ಶುರುವಾದದ್ದು ಯಾಕೆ?

ಸಾಲದಿಂದ. ಗೆದ್ದ ಯುದ್ಧ ಬ್ರಿಟನ್ನಿನ ತಲೆ ಮೇಲೆ 12 ಕೋಟಿ ಪೌಂಡಿಗೂ ಮೀರಿದ ಸಾಲ ಹೊರಿಸಿತ್ತು. ಜೊತೆಗೆ ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಉಳಿಸಿಕೊಳ್ಳಲು ಸರ್ಕಾರ ತೀರ್ಮಾನಿಸಿತು. ಆ ಖರ್ಚಿನಲ್ಲಿ ಒಂದು ಪಾಲನ್ನು ವಸಾಹತುಗಳೇ ಕೊಡಲಿ ಅಂದಿತು. ಲಂಡನ್ನಿನಲ್ಲಿ ಕೂತವರಿಗೆ ಇದು ನ್ಯಾಯವಾಗಿಯೇ ಕಂಡಿತು.

1764ರಲ್ಲಿ ಸಕ್ಕರೆ ಕಾಯಿದೆ ಬಂತು. 1765ರಲ್ಲಿ ಮುದ್ರಾಂಕ ಕಾಯಿದೆ. ಪತ್ರಿಕೆ, ಕೋರ್ಟಿನ ಕಾಗದ, ಪಂಚಾಂಗ, ಇಸ್ಪೀಟು ಎಲೆ, ಪಗಡೆ ದಾಳ, ಎಲ್ಲದಕ್ಕೂ ಸರ್ಕಾರದ ಮುದ್ರೆ ಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಸರ್ಕಾರ ಎಡವಿದ್ದು ಇಲ್ಲೇ. ವಕೀಲರು, ಮುದ್ರಕರು, ವ್ಯಾಪಾರಿಗಳು, ಹೋಟೆಲಿನವರು, ಅಂದರೆ ಊರಿನಲ್ಲಿ ಜಾಸ್ತಿ ಮಾತಾಡುವ ಎಲ್ಲರಿಗೂ ಒಂದೇ ಸಲ ಬಿಸಿ ಮುಟ್ಟಿತು. ಬಾಸ್ಟನ್ನಿನಲ್ಲಿ ಮುದ್ರಾಂಕ ಹಂಚಬೇಕಿದ್ದ ಅಧಿಕಾರಿಯ ಬೊಂಬೆಯನ್ನು ಮರಕ್ಕೆ ನೇತುಹಾಕಿದರು. ಅವನು ಕೆಲಸ ಬಿಟ್ಟ. ಬೇರೆ ಊರುಗಳಲ್ಲೂ ಹೀಗೇ ಆಯಿತು. ಹಂಚುವವರೇ ಇಲ್ಲದ ಮೇಲೆ ಕಾಯಿದೆ ಇದ್ದೂ ಇಲ್ಲದ ಹಾಗೆ. 1766ರಲ್ಲಿ ಪಾರ್ಲಿಮೆಂಟ್ ಅದನ್ನು ವಾಪಸ್ ಪಡೆಯಿತು. ಆದರೆ ಅದೇ ದಿನ ಇನ್ನೊಂದು ಕಾಯಿದೆ ಮಾಡಿತು. ವಸಾಹತುಗಳಿಗೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಅಧಿಕಾರ ನಮಗಿದೆ ಅಂತ ಅದರಲ್ಲಿ ಬರೆದುಕೊಂಡಿತು.

ತೆರಿಗೆ ಅಷ್ಟೊಂದು ಜಾಸ್ತಿ ಇತ್ತಾ?

ಇರಲಿಲ್ಲ. ಇಂಗ್ಲೆಂಡಿನಲ್ಲಿದ್ದ ಒಬ್ಬ ಮನುಷ್ಯ ವಸಾಹತಿನವನಿಗಿಂತ ಹಲವು ಪಟ್ಟು ತೆರಿಗೆ ಕಟ್ಟುತ್ತಿದ್ದ. ಇದನ್ನು ಹಿಡಿದುಕೊಂಡು ‘ಹಾಗಾದರೆ ಸುಮ್ನೆ ಗಲಾಟೆ ಮಾಡಿದರು’ ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ನಾವು ಒಬ್ಬ ಸದಸ್ಯನನ್ನೂ ಕಳಿಸದ ಪಾರ್ಲಿಮೆಂಟು ನಮ್ಮ ಜೇಬಿಗೆ ಕೈ ಹಾಕಬಹುದು ಅಂತ ಒಮ್ಮೆ ಒಪ್ಪಿಕೊಂಡರೆ ಇವತ್ತು ಮೂರು ಪೆನ್ಸ್, ನಾಳೆ ಎಷ್ಟು? ಆ ಭಯ ಸುಳ್ಳಲ್ಲ, ಅಲ್ವಾ?

ಚಹಾದ ಬೆಲೆ ಇಳಿದಿತ್ತಂತೆ. ಮತ್ತೆ ಅದನ್ನು ಸಮುದ್ರಕ್ಕೆ ಯಾಕೆ ಎಸೆದರು?

ಒಳ್ಳೆಯ ಪ್ರಶ್ನೆ. 1773ರ ಚಹಾ ಕಾಯಿದೆಯಿಂದ ಬೆಲೆ ಇಳಿಯುತ್ತಿತ್ತು, ನಿಜ. ಈಸ್ಟ್ ಇಂಡಿಯಾ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಅದರ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಸರ್ಕಾರ ಅದಕ್ಕೆ ವಸಾಹತುಗಳಲ್ಲಿ ನೇರವಾಗಿ ಮಾರುವ ಅವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ ಕಟ್ಟಬೇಕಿದ್ದ ಸುಂಕವನ್ನು ಬಿಟ್ಟುಕೊಟ್ಟಿತು. ಆದರೆ ಅಮೆರಿಕದಲ್ಲಿ ಕಟ್ಟಬೇಕಾದ ಒಂದು ಪೌಂಡು ತೂಕಕ್ಕೆ ಮೂರು ಪೆನ್ಸ್ ಸುಂಕವನ್ನು ಹಾಗೇ ಉಳಿಸಿತು.

ಹೀಗಾಗಿ ಅಗ್ಗದ ಚಹಾ ಒಂದು ಗಾಳದ ಹಾಗೆ ಕಂಡಿತು. ಕೊಂಡು ಕುಡಿದರೆ ಸುಂಕ ಒಪ್ಪಿಕೊಂಡ ಹಾಗೆ. ಸ್ಥಳೀಯ ವ್ಯಾಪಾರಿಗಳ ಹೊಟ್ಟೆ ಮೇಲೂ ಹೊಡೆತ ಬೀಳುತ್ತಿತ್ತು. ಕಳ್ಳಸಾಗಣೆ ಮಾಡುತ್ತಿದ್ದವರ ಮೇಲೆ ಇನ್ನೂ ಜಾಸ್ತಿ. 1773ರ ಡಿಸೆಂಬರ್ 16ರ ರಾತ್ರಿ ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ಬಾಸ್ಟನ್ ಬಂದರಿನ ನೀರಿಗೆ ಸುರಿದರು. ತೂಕದಲ್ಲಿ 40 ಟನ್ನಿಗೂ ಜಾಸ್ತಿ. ಅದು ಭಾರತದ ಚಹಾ ಅಂತ ನಮ್ಮಲ್ಲಿ ಕೆಲವರು ತಿಳಿದುಕೊಂಡಿದ್ದಾರೆ. ಅಲ್ಲ, ಚೀನಾದ್ದು. ಭಾರತದಲ್ಲಿ ಚಹಾ ತೋಟಗಳು ಎದ್ದದ್ದು ಆಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ.

ಬಹಿಷ್ಕಾರ, ಸಭೆ, ಸಮಿತಿಗಳಿಂದ ನಿಜವಾಗಿ ಏನಾದರೂ ಆಯಿತಾ? ಕೊನೆಗೆ ಬಂದೂಕೇ ಬೇಕಾಯಿತಲ್ಲ?

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಉತ್ತರ ಕೊಡುತ್ತೇನೆ. ಇಡೀ ಕಥೆಯ ಜೀವ ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ಬಂದೂಕು ಹಿಡಿಯುವ ಹತ್ತು ವರ್ಷ ಮೊದಲೇ ಜನ ಬ್ರಿಟಿಷ್ ಸಾಮಾನು ಬಿಡಲು ಶುರುಮಾಡಿದ್ದರು. ಬಿಡುವುದು ಅಂದರೆ ಏನು? ಅಂಗಡಿಯ ಬಟ್ಟೆ ಬಿಟ್ಟರೆ ಮನೆಯಲ್ಲಿ ನೂಲಬೇಕು, ನೇಯಬೇಕು. ಆ ಕೆಲಸ ಬಿದ್ದದ್ದು ಹೆಂಗಸರ ಮೇಲೆ. ಊರ ಹೆಂಗಸರು ಒಂದೆಡೆ ಕೂತು ದಿನವಿಡೀ ರಾಟೆ ತಿರುಗಿಸಿದರು. ಮನೆಯಲ್ಲಿ ನೇಯ್ದ ಒರಟು ಬಟ್ಟೆ ತೊಡುವುದು ಮರ್ಯಾದೆಯ ಗುರುತಾಯಿತು. 1774ರಲ್ಲಿ ಉತ್ತರ ಕ್ಯಾರೊಲಿನಾದ ಈಡೆಂಟನ್ ಎಂಬ ಊರಿನಲ್ಲಿ 51 ಹೆಂಗಸರು ಬಹಿಷ್ಕಾರಕ್ಕೆ ಬೆಂಬಲ ಕೊಟ್ಟು ತಮ್ಮ ಹೆಸರು ಬರೆದು ಸಹಿ ಹಾಕಿದರು. ಹೆಂಗಸು ರಾಜಕೀಯದ ಕಾಗದಕ್ಕೆ ಸಹಿ ಹಾಕುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಲಂಡನ್ನಿನ ವ್ಯಂಗ್ಯಚಿತ್ರಕಾರರು ಅವರನ್ನು ಹಂಗಿಸಿ ಚಿತ್ರ ಬರೆದರು.

ಚಹಾ ಸುರಿದದ್ದಕ್ಕೆ ಶಿಕ್ಷೆಯಾಗಿ 1774ರಲ್ಲಿ ಪಾರ್ಲಿಮೆಂಟ್ ಬಾಸ್ಟನ್ ಬಂದರನ್ನು ಮುಚ್ಚಿತು. ಮ್ಯಾಸಚೂಸೆಟ್ಸಿನ ಆಡಳಿತದ ಹಕ್ಕುಗಳನ್ನು ಮೊಟಕು ಮಾಡಿತು. ಊರ ಸಭೆ ಸೇರಲೂ ಗವರ್ನರನ ಅಪ್ಪಣೆ ಬೇಕಾಯಿತು. ಒಂದು ಊರನ್ನು ಹೆದರಿಸಿದರೆ ಉಳಿದವು ಬಗ್ಗುತ್ತವೆ ಅಂತ ಲೆಕ್ಕ. ಆದದ್ದು ಉಲ್ಟಾ. ಬೇರೆ ವಸಾಹತುಗಳು ಬಾಸ್ಟನ್ನಿಗೆ ಅಕ್ಕಿ, ಗೋಧಿ, ಕುರಿ ಕಳಿಸಿದವು. ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಬಿಟ್ಟು ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಕೂಡಿದರು. ಅದೇ ಮೊದಲನೇ ಕಾಂಟಿನೆಂಟಲ್ ಕಾಂಗ್ರೆಸ್.

ಅಲ್ಲಿ ಆದ ಒಂದು ತೀರ್ಮಾನವನ್ನು ಬಹಳ ಜನ ಗಮನಿಸುವುದಿಲ್ಲ. ಬ್ರಿಟಿಷ್ ಆಮದು ನಿಲ್ಲಿಸಬೇಕು, ಅದನ್ನು ನೋಡಿಕೊಳ್ಳಲು ಪ್ರತಿ ಊರಿನಲ್ಲೂ ಜನ ಒಂದು ಸಮಿತಿಯನ್ನು ಆರಿಸಬೇಕು ಅಂತ. ಸಮಿತಿಯವರು ವ್ಯಾಪಾರಿಗಳ ಮೇಲೆ ಕಣ್ಣಿಟ್ಟರು. ಮಾತು ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸಿದರು. ಒರಟುತನವೂ ನಡೆಯಿತು. ಕೆಲವರಿಗೆ ಬಿಸಿ ಡಾಂಬರು ಬಳಿದು ಗರಿ ಅಂಟಿಸಿ ಮೆರವಣಿಗೆ ಮಾಡಿದರು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಮಿತಿಗಳು ಮೆಲ್ಲಗೆ ಸರ್ಕಾರದ ಕೆಲಸವನ್ನೇ ಮಾಡತೊಡಗಿದವು.

ಮ್ಯಾಸಚೂಸೆಟ್ಸಿನ ವುಸ್ಟರ್ ಎಂಬ ಊರಿನ ಘಟನೆ ನನಗೆ ಬಹಳ ಇಷ್ಟ. 1774ರ ಸೆಪ್ಟೆಂಬರ್ 6ರಂದು ಅಲ್ಲಿ ಕೋರ್ಟು ಕೂರಬೇಕಿತ್ತು. ಸುತ್ತಲಿನ ಹಳ್ಳಿಗಳಿಂದ ಸುಮಾರು 4,600 ರೈತರು ಬಂದು ರಸ್ತೆಯ ಎರಡೂ ಬದಿ ಸಾಲಾಗಿ ನಿಂತರು. ನ್ಯಾಯಾಧೀಶರೂ ಅಧಿಕಾರಿಗಳೂ ಟೋಪಿ ತೆಗೆದು ಆ ಸಾಲಿನ ನಡುವೆ ನಡೆಯಬೇಕಾಯಿತು. ಹೊಸ ಕಾಯಿದೆಯಂತೆ ಅಧಿಕಾರ ನಡೆಸುವುದಿಲ್ಲ ಅಂತ ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಾ ಹೋಗಬೇಕಾಯಿತು, ಎಲ್ಲರಿಗೂ ಕೇಳಿಸುವ ಹಾಗೆ. ಒಂದೂ ಗುಂಡು ಹಾರಲಿಲ್ಲ. ಆ ದಿನದಿಂದ ಆ ಜಿಲ್ಲೆಯಲ್ಲಿ ರಾಜನ ಆಳ್ವಿಕೆ ಮುಗಿಯಿತು. ಯುದ್ಧ ಶುರುವಾದದ್ದು ಅದಾಗಿ ಏಳು ತಿಂಗಳ ಮೇಲೆ.

ಅಂದರೆ ಜನ ಮೊದಲು ತಮ್ಮ ಆಡಳಿತವನ್ನು ಕೈಗೆ ತೆಗೆದುಕೊಂಡರು. ಬಂದೂಕು ಬೇಕಾದದ್ದು ಅದನ್ನು ಉಳಿಸಿಕೊಳ್ಳಲು. ಎಷ್ಟೋ ವರ್ಷ ಆದ ಮೇಲೆ, 1818ರಲ್ಲಿ, ಮುದುಕ ಜಾನ್ ಆಡಮ್ಸ್ ಒಂದು ಪತ್ರದಲ್ಲಿ ಇದನ್ನೇ ಬರೆದ. ಕ್ರಾಂತಿ ಯುದ್ಧಕ್ಕೆ ಮೊದಲೇ, ಜನರ ಮನಸ್ಸಿನಲ್ಲಿ ಆಗಿಹೋಗಿತ್ತು ಅಂತ.

ಮೊದಲ ಗುಂಡು ಎಲ್ಲಿ ಹಾರಿತು?

1775ರ ಏಪ್ರಿಲ್ 19ರ ಬೆಳಗ್ಗೆ, ಮ್ಯಾಸಚೂಸೆಟ್ಸಿನ ಲೆಕ್ಸಿಂಗ್ಟನ್ ಎಂಬ ಹಳ್ಳಿಯಲ್ಲಿ. ಕಾಂಕರ್ಡ್‌ನಲ್ಲಿ ಬಚ್ಚಿಟ್ಟ ಮದ್ದುಗುಂಡು ಹಿಡಿಯಲು ಸುಮಾರು 700 ಬ್ರಿಟಿಷ್ ಸೈನಿಕರು ಹೊರಟಿದ್ದರು. ಊರ ಪಡೆಯ ಎಂಟು ಜನ ಸತ್ತರು. ಮೊದಲು ಗುಂಡು ಹಾರಿಸಿದವರು ಯಾರು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ರೈತರು ಕಲ್ಲುಗೋಡೆ, ಮರಗಳ ಮರೆಯಿಂದ ಗುಂಡು ಹಾರಿಸಿದರು. ಸಂಜೆಯ ಹೊತ್ತಿಗೆ 73 ಬ್ರಿಟಿಷ್ ಸೈನಿಕರು ಸತ್ತಿದ್ದರು.

ಯುದ್ಧ ಶುರುವಾಗಿ ಒಂದು ವರ್ಷ ಕಳೆದ ಮೇಲೆ ಸ್ವಾತಂತ್ರ್ಯ ಘೋಷಣೆ ಯಾಕೆ?

ಮನಸ್ಸು ಬರಲಿಲ್ಲ, ಅದಕ್ಕೆ. 1775ರ ಜುಲೈನಲ್ಲೂ ಕಾಂಗ್ರೆಸ್ ರಾಜ ಮೂರನೇ ಜಾರ್ಜ್‌ಗೆ ರಾಜಿಯ ಮನವಿ ಕಳಿಸಿತು. ಪಾರ್ಲಿಮೆಂಟು ಕೆಟ್ಟದ್ದು, ರಾಜ ಒಳ್ಳೆಯವನು, ಅವನು ನಮ್ಮ ಮಾತು ಕೇಳುತ್ತಾನೆ ಅಂತ ನಂಬಿದ್ದರು. ರಾಜ ಆ ಮನವಿಯನ್ನು ತೆಗೆದುಕೊಳ್ಳಲೇ ಇಲ್ಲ. ಆಗಸ್ಟ್‌ನಲ್ಲಿ ಅವರನ್ನು ದಂಗೆಕೋರರು ಅಂತ ಸಾರಿದ. ಜರ್ಮನ್ ಸಂಸ್ಥಾನಗಳಿಂದ ಸೈನಿಕರನ್ನು ಬಾಡಿಗೆಗೆ ತರಲು ಹೊರಟ. ನಮ್ಮ ರಾಜನೇ ಬೇರೆಯವರಿಗೆ ದುಡ್ಡು ಕೊಟ್ಟು ನಮ್ಮನ್ನು ಕೊಲ್ಲಿಸುತ್ತಾನಾ ಅಂತ ಜನರಿಗೆ ಆದ ನೋವು ದೊಡ್ಡದು.

ಇದೇ ಹೊತ್ತಿಗೆ, 1776ರ ಜನವರಿಯಲ್ಲಿ, ಥಾಮಸ್ ಪೇನ್ ಒಂದು ಕಿರುಪುಸ್ತಕ ಬರೆದ. ಅವನು ಇಂಗ್ಲೆಂಡಿನಿಂದ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಒಂದು ಖಂಡವನ್ನು ಒಂದು ದ್ವೀಪ ಯಾಕೆ ಆಳಬೇಕು ಅಂತ ಅವನು ಕೇಳಿದ. ಪಂಡಿತರ ಭಾಷೆ ಬಿಟ್ಟು ಕೂಲಿಯವನಿಗೂ ತಿಳಿಯುವ ಹಾಗೆ ಬರೆದ. ಓದಲು ಬಾರದವರು ಬೇರೆಯವರಿಂದ ಓದಿಸಿ ಕೇಳಿದರು.

ಇನ್ನೊಂದು ಲೆಕ್ಕಾಚಾರವೂ ಇತ್ತು. ಮನೆಜಗಳಕ್ಕೆ ಫ್ರಾನ್ಸ್ ತಲೆ ಹಾಕುವುದಿಲ್ಲ. ಬೇರೆ ದೇಶ ಅಂತ ಹೇಳಿಕೊಂಡರೆ ಮಾತ್ರ ಒಪ್ಪಂದ ಮಾಡಿಕೊಳ್ಳಬಹುದು.

ಜುಲೈ 4ರಂದು ಎಲ್ಲರೂ ಸಹಿ ಹಾಕಿದರಾ?

ಇಲ್ಲ. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು ಜುಲೈ 2ರಂದು. 4ರಂದು ಘೋಷಣೆಯ ಬರಹಕ್ಕೆ ಒಪ್ಪಿಗೆ ಸಿಕ್ಕಿತು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. ಒಟ್ಟು ಸಹಿ 56. ಸೋತಿದ್ದರೆ ಅಷ್ಟೂ ಜನ ರಾಜದ್ರೋಹಿಗಳು.

ವಾಷಿಂಗ್ಟನ್ ಅಷ್ಟು ದೊಡ್ಡ ಸೇನಾನಿಯಾ?

ಗೆದ್ದ ಕಾಳಗಗಳನ್ನು ಎಣಿಸಿದರೆ ಅಲ್ಲ. 1776ರಲ್ಲಿ ನ್ಯೂಯಾರ್ಕ್ ಕಳೆದುಕೊಂಡ. 1777ರಲ್ಲಿ ಫಿಲಡೆಲ್ಫಿಯಾ ಕೈಬಿಟ್ಟಿತು. ಆದರೆ ಅವನಿಗೆ ಒಂದು ವಿಷಯ ಬೇಗ ಅರ್ಥವಾಯಿತು. ಊರು ಹೋದರೆ ಹೋಗಲಿ, ಸೈನ್ಯ ಉಳಿಯಬೇಕು. ಸೈನ್ಯ ಇರುವವರೆಗೆ ಬ್ರಿಟನ್ ಗೆದ್ದ ಹಾಗಲ್ಲ.

ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಸೋತ ಮೇಲೆ, ಆಗಸ್ಟ್ 29ರ ರಾತ್ರಿ, ಸುಮಾರು 9,000 ಸೈನಿಕರನ್ನು ದೋಣಿಗಳಲ್ಲಿ ಸದ್ದಿಲ್ಲದೆ ಆಚೆ ದಡಕ್ಕೆ ಸಾಗಿಸಿದ. ದೋಣಿ ನಡೆಸಿದವರು ಮಾರ್ಬಲ್‌ಹೆಡ್ ಊರಿನ ಮೀನುಗಾರರು. ಬೆಳಗಾದರೂ ಕೆಲಸ ಮುಗಿದಿರಲಿಲ್ಲ, ಆದರೆ ದಟ್ಟ ಮಂಜು ಕವಿದು ಅವರನ್ನು ಮರೆಮಾಡಿತು. ಆ ವರ್ಷದ ಕೊನೆಗೆ ಸೈನಿಕರ ಕರಾರು ಮುಗಿಯಲು ಬಂದಿತ್ತು. ಜನವರಿಗೆ ಸೈನ್ಯವೇ ಕರಗಿಹೋಗುವ ಸ್ಥಿತಿ. ಕ್ರಿಸ್‌ಮಸ್ ರಾತ್ರಿ ಹಿಮಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು 2,400 ಜನರೊಂದಿಗೆ ದಾಟಿ, ಟ್ರೆಂಟನ್ನಿನಲ್ಲಿ ಸುಮಾರು 900 ಜರ್ಮನ್ ಸೈನಿಕರನ್ನು ಸೆರೆ ಹಿಡಿದ. ದೊಡ್ಡ ಕಾಳಗವಲ್ಲ. ಆದರೆ ಉಸಿರು ಉಳಿಯಿತು.

ಅವನ ಇನ್ನೊಂದು ನಿರ್ಧಾರಕ್ಕೆ ಕೀರ್ತಿ ಕಡಿಮೆ ಸಿಕ್ಕಿದೆ. ಆಗ ಸಿಡುಬು ಗುಂಡಿಗಿಂತ ಜಾಸ್ತಿ ಜನರನ್ನು ಕೊಲ್ಲುತ್ತಿತ್ತು. 1777ರಲ್ಲಿ ಇಡೀ ಸೈನ್ಯಕ್ಕೆ ಸಿಡುಬಿನ ಮೈಲಿ ಹಾಕಿಸುವಂತೆ ಆಜ್ಞೆ ಮಾಡಿದ. ಸ್ವಲ್ಪ ಸಿಡುಬನ್ನೇ ಮೈಗೆ ಹಾಕಿ ಕಾಯಿಲೆ ಹಗುರವಾಗಿ ಬರಿಸುವ ಅಪಾಯದ ಕೆಲಸ. ಆದರೂ ಗೆದ್ದಿತು.

ಸೈನಿಕರಿಗೆ ಸಂಬಳ ಯಾರು ಕೊಟ್ಟರು?

ಹೆಚ್ಚಿನ ಸಲ ಯಾರೂ ಕೊಡಲಿಲ್ಲ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ಅದು ನೋಟು ಮುದ್ರಿಸುತ್ತಾ ಹೋಯಿತು. 20 ಕೋಟಿ ಡಾಲರಿಗೂ ಮೀರಿ ಮುದ್ರಿಸಿತು. ಕೊನೆಗೆ ಆ ನೋಟಿಗೆ ಕಾಗದದ ಬೆಲೆಯೂ ಇಲ್ಲದಂತಾಯಿತು. ವ್ಯಾಲಿ ಫೋರ್ಜ್‌ನ ಚಳಿಗಾಲದಲ್ಲಿ, ಅಂದರೆ 1777ರ ಡಿಸೆಂಬರ್‌ನಿಂದ ಮುಂದಿನ ಆರು ತಿಂಗಳಲ್ಲಿ, 12,000 ಜನರ ಪಾಳೆಯದಲ್ಲಿ ಸುಮಾರು 2,000 ಜನ ರೋಗದಿಂದ ಸತ್ತರು. ಅಲ್ಲಿ ಕಾಳಗವೇ ನಡೆದಿರಲಿಲ್ಲ. 1781ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಡೆ ಬಾಕಿ ಸಂಬಳಕ್ಕಾಗಿ ತಿರುಗಿಬಿತ್ತು. ಬ್ರಿಟಿಷರು ಅವರಿಗೆ ಹಣದ ಆಸೆ ತೋರಿಸಿ ಇಬ್ಬರು ದೂತರನ್ನು ಕಳಿಸಿದರು. ಹಸಿದ ಸೈನಿಕರು ಆ ದೂತರನ್ನು ಹಿಡಿದು ಒಪ್ಪಿಸಿದರು. ಇದನ್ನು ಓದಿದಾಗೆಲ್ಲ ನನಗೆ ಆ ಹೆಸರಿಲ್ಲದ ಸೈನಿಕರ ಮೇಲೆ ಗೌರವ ಉಕ್ಕುತ್ತದೆ.

ಫ್ರಾನ್ಸ್ ಯಾಕೆ ಸಹಾಯಕ್ಕೆ ಬಂತು?

ಬ್ರಿಟನ್ನಿನ ಮೇಲಿನ ಹಳೆಯ ಸೇಡು. ಫ್ರಾನ್ಸಿನಲ್ಲೂ ರಾಜನ ಆಳ್ವಿಕೆಯೇ. ಅವರಿಗೆ ಪ್ರಜೆಗಳ ಹಕ್ಕಿನ ಮೇಲೆ ಪ್ರೀತಿ ಏನೂ ಇರಲಿಲ್ಲ. ಮೊದಲು ಕದ್ದುಮುಚ್ಚಿ ಮದ್ದು, ಬಂದೂಕು ಕಳಿಸಿದರು. ಮೊದಲ ಎರಡು ಮೂರು ವರ್ಷ ಅಮೆರಿಕನ್ನರು ಸುಟ್ಟ ಮದ್ದಿನಲ್ಲಿ ಬಹುಪಾಲು ಹೊರಗಿನಿಂದ ಬಂದದ್ದು. 1777ರ ಅಕ್ಟೋಬರ್ 17ರಂದು ಸರಟೋಗಾದಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ಸುಮಾರು 6,000 ಜನರೊಂದಿಗೆ ಶರಣಾದ. ಈ ಕುದುರೆ ಗೆಲ್ಲಬಹುದು ಅಂತ ಫ್ರಾನ್ಸಿಗೆ ಧೈರ್ಯ ಬಂತು. 1778ರ ಫೆಬ್ರವರಿ 6ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮುಂದಿನ ವರ್ಷ ಸ್ಪೇನ್ ಫ್ರಾನ್ಸಿನ ಜೊತೆ ಸೇರಿತು. ಈ ಯುದ್ಧದ ಸಾಲ ಫ್ರಾನ್ಸಿನ ಬೊಕ್ಕಸವನ್ನು ಮುಳುಗಿಸಿ, 1789ರಲ್ಲಿ ಆ ರಾಜನ ಸಿಂಹಾಸನದ ಕಾಲನ್ನೇ ಅಲುಗಾಡಿಸಿತು.

ಯಾರ್ಕ್‌ಟೌನ್‌ನಲ್ಲಿ ಆದದ್ದೇನು?

ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ದಕ್ಷಿಣದ ವಸಾಹತುಗಳಲ್ಲಿ ಕಾಳಗ ಗೆಲ್ಲುತ್ತಾ, ಸೈನಿಕರನ್ನು ಕಳೆದುಕೊಳ್ಳುತ್ತಾ ಸುಸ್ತಾಗಿದ್ದ. 1781ರಲ್ಲಿ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ಬೀಡುಬಿಟ್ಟ. ಹಿಂದೆ ಸಮುದ್ರ ಇದೆ, ಹಡಗುಗಳು ಬಂದು ಕಾಪಾಡುತ್ತವೆ ಅಂತ ಧೈರ್ಯ. ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪತಿ ಡಿ ಗ್ರಾಸ್ ಬ್ರಿಟಿಷ್ ಹಡಗುಗಳನ್ನು ಚೆಸಪೀಕ್ ಕೊಲ್ಲಿಯ ಬಾಯಿಂದ ಹಿಂದಕ್ಕೆ ತಳ್ಳಿದ. ಬಾಗಿಲು ಮುಚ್ಚಿತು. ಅಷ್ಟರಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾನಿ ರೊಷಾಂಬೊ ನ್ಯೂಯಾರ್ಕ್ ಕಡೆಯಿಂದ ನೂರಾರು ಮೈಲಿ ನಡೆದು ಬಂದಿದ್ದರು. ದಾರಿಯಲ್ಲಿ ಅಮೆರಿಕನ್ ಸೈನಿಕರು ಸಂಬಳ ಕೊಡಿ ಅಂತ ಹಟ ಹಿಡಿದರು. ರೊಷಾಂಬೊ ತನ್ನ ಪೆಟ್ಟಿಗೆಯಿಂದ ಬೆಳ್ಳಿ ನಾಣ್ಯ ಸಾಲ ಕೊಟ್ಟ. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಆಯುಧ ಕೆಳಗಿಟ್ಟರು. ಮೈ ಸರಿಯಿಲ್ಲ ಅಂತ ಹೇಳಿ ಕಾರ್ನ್‌ವಾಲಿಸ್ ಶರಣಾಗತಿಗೆ ತಾನು ಬರಲಿಲ್ಲ. ತನ್ನ ಕೈಕೆಳಗಿನವನ ಕೈಲಿ ಕತ್ತಿ ಕಳಿಸಿದ.

ಹೌದು, ಅದೇ ಕಾರ್ನ್‌ವಾಲಿಸ್. ಹನ್ನೊಂದು ವರ್ಷದ ಮೇಲೆ, 1792ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು.

ಯಾರ್ಕ್‌ಟೌನ್ ಆದ ಮೇಲೂ ಬ್ರಿಟನ್ನಿನ ಹತ್ತಿರ ಸೈನ್ಯ ಇತ್ತಲ್ಲ? ಯಾಕೆ ಬಿಟ್ಟುಕೊಟ್ಟಿತು?

ನ್ಯೂಯಾರ್ಕ್, ಚಾರ್ಲ್‌ಸ್ಟನ್, ಸವಾನಾ ಇನ್ನೂ ಅವರ ಕೈಯಲ್ಲೇ ಇದ್ದವು. ಹೋದದ್ದು ಮನಸ್ಸು. ಪತ್ರ ಅಟ್ಲಾಂಟಿಕ್ ದಾಟಲು ಒಂದೆರಡು ತಿಂಗಳು. ಊರುಗಳನ್ನು ಹಿಡಿಯಬಹುದಿತ್ತು, ಹಳ್ಳಿಗಳನ್ನು ಆಗುತ್ತಿರಲಿಲ್ಲ. ಸೈನ್ಯ ಮುಂದೆ ಹೋದ ಕೂಡಲೇ ಹಿಂದೆ ಸಮಿತಿಗಳು ಮತ್ತೆ ತಲೆ ಎತ್ತುತ್ತಿದ್ದವು. ಅತ್ತ ಕೆರಿಬಿಯನ್ ಸಕ್ಕರೆ ದ್ವೀಪಗಳಿಗೆ ಅಪಾಯ, ಜಿಬ್ರಾಲ್ಟರಿಗೆ ಮುತ್ತಿಗೆ.

ನಮ್ಮ ನಾಡೂ ಈ ಲೆಕ್ಕದಲ್ಲಿದೆ. ಫ್ರಾನ್ಸಿನ ಜೊತೆ ಯುದ್ಧ ಶುರುವಾದದ್ದೇ ನೆವ, ಬ್ರಿಟಿಷರು 1779ರಲ್ಲಿ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಹೈದರ್ ಅಲಿಗೆ ಮದ್ದುಗುಂಡು ಬರುತ್ತಿದ್ದ ಬಾಗಿಲು ಅದು. 1780ರಲ್ಲಿ ಅವನು ಕರ್ನಾಟಿಕ್, ಅಂದರೆ ಈಗಿನ ತಮಿಳುನಾಡಿನ ಆರ್ಕಾಟ್ ಸೀಮೆಯ ಮೇಲೆ ನುಗ್ಗಿದ. ಆ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಪಡೆಯೊಂದು ನುಚ್ಚುನೂರಾಯಿತು. ಈ ಸುದ್ದಿ ಅಮೆರಿಕಕ್ಕೂ ಮುಟ್ಟಿತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ಹೈದರ್ ಅಲಿ ಅಂತಲೇ ಹೆಸರಿಟ್ಟರು. ಅದು ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಈ ಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಕೊನೆಯ ಕಾಳಗಗಳು ನಡೆದದ್ದಂತೂ ತಮಿಳುನಾಡಿನ ಕಡಲೂರಿನಲ್ಲಿ, 1783ರ ಜೂನ್‌ನಲ್ಲಿ. ಯುರೋಪಿನಲ್ಲಿ ಅಷ್ಟು ಹೊತ್ತಿಗೆ ಶಾಂತಿ ಆಗಿತ್ತು. ಸುದ್ದಿ ಇನ್ನೂ ಹಡಗಿನಲ್ಲಿತ್ತು.

1782ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಅಮೆರಿಕದ ಮೇಲೆ ಯುದ್ಧ ಮುಂದುವರಿಸುವುದು ಬೇಡ ಅಂತ ಮತ ಹಾಕಿತು. ಪ್ರಧಾನಿ ಲಾರ್ಡ್ ನಾರ್ತ್ ಮುಂದಿನ ತಿಂಗಳು ಕೆಳಗಿಳಿದ. 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದವಾಯಿತು.

ಎಲ್ಲರೂ ಸ್ವಾತಂತ್ರ್ಯದ ಪರ ಇದ್ದರಾ?

ಇಲ್ಲ. ಬಿಳಿಯರಲ್ಲಿ ಐದಕ್ಕೆ ಒಬ್ಬರು ರಾಜನ ಕಡೆ ಅಂತ ಇತಿಹಾಸಕಾರರ ಅಂದಾಜು. ಎಷ್ಟೋ ಮನೆಗಳು ಒಡೆದವು. ಘೋಷಣೆಗೆ ಸಹಿ ಹಾಕಿದ ಬೆಂಜಮಿನ್ ಫ್ರಾಂಕ್ಲಿನ್‌ನ ಮಗ ವಿಲಿಯಂ, ನ್ಯೂ ಜೆರ್ಸಿಯಲ್ಲಿ ರಾಜನ ಗವರ್ನರ್ ಆಗಿದ್ದ. ಅವನು ಜೈಲಿಗೆ ಹೋದ. ಅಪ್ಪ ಮಗ ಮತ್ತೆ ಸರಿಹೋಗಲೇ ಇಲ್ಲ. ಯುದ್ಧ ಮುಗಿದಾಗ ಸುಮಾರು 60,000 ಜನ ಮನೆ, ಜಮೀನು ಬಿಟ್ಟು ಕೆನಡಾ, ಇಂಗ್ಲೆಂಡ್, ದ್ವೀಪಗಳ ಕಡೆ ಹೊರಟರು. ಅವರನ್ನು ದ್ರೋಹಿಗಳು ಅಂದುಬಿಡುವುದು ಸುಲಭ. ಅವರಿಗೂ ಅದು ಹುಟ್ಟಿದೂರು.

ಕೆನಡಾ, ಜಮೈಕಾ ಯಾಕೆ ಸೇರಲಿಲ್ಲ?

ಕ್ವಿಬೆಕ್‌ನ ಕ್ಯಾಥೊಲಿಕ್ಕರಿಗೆ 1774ರಲ್ಲಿ ಬ್ರಿಟನ್ ಅವರ ಧರ್ಮ, ಅವರ ಕಾನೂನು ಉಳಿಸಿಕೊಟ್ಟಿತ್ತು. ದಕ್ಷಿಣದ ಪ್ರಾಟೆಸ್ಟೆಂಟರನ್ನು ನಂಬಲು ಅವರಿಗೆ ಕಾರಣ ಇರಲಿಲ್ಲ. ಜಮೈಕಾದಲ್ಲಿ ಗುಲಾಮರ ಸಂಖ್ಯೆ ಬಿಳಿಯರ ಸುಮಾರು ಹತ್ತು ಪಟ್ಟು. ದಂಗೆಯ ಭಯದಲ್ಲಿದ್ದ ತೋಟದ ಮಾಲೀಕರಿಗೆ ಬ್ರಿಟಿಷ್ ಸೈನ್ಯ ಬೇಕಾಗಿತ್ತು.

ಮೂಲನಿವಾಸಿಗಳಿಗೆ ಏನಾಯಿತು?

ಎಲ್ಲರಿಗಿಂತ ಹೆಚ್ಚು ಸೋತವರು ಅವರು. 1763ರಲ್ಲಿ ರಾಜ ಅಪಲಾಚಿಯನ್ ಬೆಟ್ಟಗಳ ಆಚೆ ನೆಲೆಸಬಾರದು ಅಂತ ಗೆರೆ ಎಳೆದಿದ್ದ. ಆ ಗೆರೆ ದಾಟುವ ಆಸೆಯೂ ವಸಾಹತಿನವರ ಸಿಟ್ಟಿನಲ್ಲಿ ಒಂದು ಪಾಲು. ಇರಕ್ವಾ ಒಕ್ಕೂಟದ ಆರು ಜನಾಂಗಗಳು ಈ ಯುದ್ಧದಲ್ಲಿ ಎರಡಾದವು. ಒನೈಡಾ ಜನ ಅಮೆರಿಕನ್ನರ ಕಡೆ, ಮೊಹಾಕ್ ಜನ ಬ್ರಿಟಿಷರ ಕಡೆ. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಪಡೆ ಒಕ್ಕೂಟದ 40ಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತು. ಜೋಳದ ಹೊಲ, ಹಣ್ಣಿನ ತೋಟ ಯಾವುದನ್ನೂ ಬಿಡಲಿಲ್ಲ. ಪ್ಯಾರಿಸ್ ಒಪ್ಪಂದದಲ್ಲಿ ಮಿಸಿಸಿಪ್ಪಿ ನದಿಯವರೆಗಿನ ನೆಲ ಹೊಸ ದೇಶಕ್ಕೆ ಹೋಯಿತು. ಆ ನೆಲದಲ್ಲಿ ಬದುಕುತ್ತಿದ್ದವರ ಹೆಸರೇ ಆ ಕಾಗದದಲ್ಲಿ ಇಲ್ಲ.

ಗೆದ್ದ ಮೇಲೆ ವಾಷಿಂಗ್ಟನ್ ಯಾಕೆ ರಾಜನಾಗಲಿಲ್ಲ?

ಸೈನ್ಯ ಅವನ ಕೈಯಲ್ಲಿತ್ತು, ಸಂಬಳ ಸಿಗದ ಅಧಿಕಾರಿಗಳು ಕುದಿಯುತ್ತಿದ್ದರು. 1783ರ ಮಾರ್ಚ್‌ನಲ್ಲಿ ನ್ಯೂಬರ್ಗ್‌ನಲ್ಲಿ ಅವರನ್ನು ಅವನೇ ಸಮಾಧಾನ ಮಾಡಿದ. ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ಕಾಂಗ್ರೆಸ್ ಮುಂದೆ ನಿಂತು ಅಧಿಕಾರ ವಾಪಸ್ ಕೊಟ್ಟು ಮನೆಗೆ ಹೋದ. ಅವನ ಬದುಕಿನಲ್ಲಿ ನಾನು ತಲೆಬಾಗುವ ಗಳಿಗೆ ಇದು.

ಗುಲಾಮರಿಗೂ ಸ್ವಾತಂತ್ರ್ಯ ಸಿಕ್ಕಿತಾ?

ಬಹುಪಾಲು ಜನರಿಗೆ ಇಲ್ಲ. ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದವರು ಅಂತ ಬರೆದ ಥಾಮಸ್ ಜೆಫರ್ಸನ್ ನೂರಾರು ಗುಲಾಮರ ಒಡೆಯ. ಕರಡಿನಲ್ಲಿ ಅವನು ಗುಲಾಮರ ವ್ಯಾಪಾರವನ್ನು ಖಂಡಿಸಿ ಬರೆದಿದ್ದ ಭಾಗವನ್ನೂ ಕಾಂಗ್ರೆಸ್ ಕಿತ್ತುಹಾಕಿತು.

ಆದರೆ ಆ ಮಾತು ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಯಾರು ಕೇಳಿಸಿಕೊಳ್ಳಬೇಕು, ಯಾರು ಬಾರದು ಅಂತ ಗೆರೆ ಎಳೆಯಲು ಆಗಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು 1781ರಲ್ಲಿ ಕೋರ್ಟಿಗೆ ಹೋದಳು. ಹೊಸ ಸಂವಿಧಾನದಲ್ಲಿ ಎಲ್ಲರೂ ಸ್ವತಂತ್ರರು ಅಂತ ಇದೆ, ನಾನೂ ಎಲ್ಲರಲ್ಲಿ ಒಬ್ಬಳು ಅನ್ನುವುದೇ ಅವಳ ವಾದ. ಗೆದ್ದಳು. ಸುಮಾರು 5,000 ಕರಿಯರು ಅಮೆರಿಕನ್ ಪಡೆಗಳಲ್ಲಿ ಹೋರಾಡಿದರು. ಅವರಿಗಿಂತ ಹೆಚ್ಚು ಜನ ಬ್ರಿಟಿಷರ ಕಡೆಗೆ ಓಡಿದರು. ಒಡೆಯ ದಂಗೆಕೋರನಾಗಿದ್ದರೆ, ಓಡಿಬಂದವರಿಗೆ ಬಿಡುಗಡೆ ಕೊಡುತ್ತೇವೆ ಅಂತ ಬ್ರಿಟಿಷರು ಸಾರಿದ್ದರು. ಅವರದ್ದೂ ಧರ್ಮಬುದ್ಧಿಯಲ್ಲ. ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಅನ್ನ ಸಾಲದಾದಾಗ ಸಿಡುಬು ತಗುಲಿದ ಕರಿಯರನ್ನು ಪಾಳೆಯದಿಂದ ಹೊರಗೆ ಅಟ್ಟಿದರು.

ಹ್ಯಾರಿ ಎಂಬ ಒಬ್ಬನ ಕಥೆ ಹೇಳಿ ಮುಗಿಸುತ್ತೇನೆ. ಆಫ್ರಿಕಾದಲ್ಲಿ ಹುಟ್ಟಿದವನು. 1763ರಲ್ಲಿ ಅವನನ್ನು ಜಾರ್ಜ್ ವಾಷಿಂಗ್ಟನ್ ಕೊಂಡುಕೊಂಡ. ಒಡೆಯ ಸೈನ್ಯ ನಡೆಸುತ್ತಿದ್ದಾಗ ಹ್ಯಾರಿ ಅವನ ತೋಟದಿಂದ ತಪ್ಪಿಸಿಕೊಂಡು ಬ್ರಿಟಿಷರನ್ನು ಸೇರಿದ. 1783ರಲ್ಲಿ ನ್ಯೂಯಾರ್ಕ್ ಬಿಡುವಾಗ ಬ್ರಿಟಿಷರು ಹೀಗೆ ಬಿಡುಗಡೆಯಾಗಿ ಹೊರಟ ಸುಮಾರು 3,000 ಜನರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡರು. ಅದರಲ್ಲಿ ಹ್ಯಾರಿ ವಾಷಿಂಗ್ಟನ್ ಅಂತ ಅವನ ಹೆಸರಿದೆ. ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದ. ಅಲ್ಲಿ ಬದುಕು ಕಷ್ಟವಾಗಿ 1792ರಲ್ಲಿ ಸುಮಾರು 1,200 ಜನರ ಜೊತೆ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹಡಗು ಹತ್ತಿದ. ಅಲ್ಲಿ ಆಳುತ್ತಿದ್ದದ್ದು ಲಂಡನ್ನಿನ ಒಂದು ಕಂಪನಿ. ಅದು ಅವರ ಜಮೀನಿಗೆ ಅವರು ಒಪ್ಪದ ಕಂದಾಯ ಹಾಕಿತು. 1800ರಲ್ಲಿ ಅವರು ತಿರುಗಿಬಿದ್ದರು. ಹ್ಯಾರಿಯೂ ಅವರಲ್ಲಿದ್ದ. ಸೋತರು. ಅವನನ್ನು ಅಲ್ಲಿಂದ ಗಡಿಪಾರು ಮಾಡಿದರು.